ಗರಿಗರಿಯಣ್ಣ ತೊಳೆದ ಜಲ್ಲಿ

ಆ ಬೀದಿಯ ಮುಕ್ಕಾಲು ಪಾಲು ಜನರ ಗುಟ್ಟು ಲಾಂಡ್ರಿಯವನಿಗೆ ಗೊತ್ತಿತ್ತು. ಯಾರ ಕಾಲರಿಗೆ ಎಷ್ಟು ಬೆವರು, ಯಾರ ಜೇಬಿನ ಮೂಲೆಯಲ್ಲಿ ಹೊಗೆಸೊಪ್ಪಿನ ಪುಡಿ, ಬಿಟ್ಟೆ ಬಿಟ್ಟೆ ಎನ್ನುವ ಯಾವ ಗುಮಾಸ್ತ ಸಿಗರೇಟನ್ನು ಇನ್ನೂ ಬಿಟ್ಟಿಲ್ಲ, ಎಲ್ಲವೂ. ಆದರೆ ಒಂದು ಮಾತೂ ಅವನ ಬಾಯಿಂದ ಹೊರಬೀಳುತ್ತಿರಲಿಲ್ಲ. ಕಲೆ ಕಂಡರೆ ಅವನಿಗೆ ಅದರ ಹಿಂದಿನ ಕಥೆ ಬೇಕಿರಲಿಲ್ಲ, ಬಿಸಿನೀರು ಬೇಕಿತ್ತು. ರಕ್ತಕ್ಕೆ ಮಾತ್ರ ತಣ್ಣೀರು, ಎಣ್ಣೆ ಜಿಡ್ಡಿಗೆ ಸೀಮೆಸುಣ್ಣದ ಪುಡಿ, ಶಾಯಿಗೆ ನಿಂಬೆರಸ. "ಕೊಟ್ಟು ಹೋಗಿ, ಗರಿಗರಿ ಮಾಡಿಡ್ತೀನಿ" ಎನ್ನುವುದು ಅವನ ಬಾಯಿಪಾಠ. ಹಾಗಾಗಿ ಬೀದಿ ಅವನನ್ನು ಗರಿಗರಿಯಣ್ಣ ಎಂದು ಕರೆಯತೊಡಗಿ ಮೂವತ್ತು ವರ್ಷ ದಾಟಿತ್ತು. ಅವನ ಹೆಂಡತಿಯನ್ನು ಗರಿಗರಿಯತ್ತಿಗೆ ಎಂದು ಕರೆಯುವ ಧೈರ್ಯವನ್ನು ಮಾತ್ರ ಯಾರೂ ಮಾಡಿರಲಿಲ್ಲ.

ಮನುಷ್ಯ ಒಳ್ಳೆಯವನೇ. ಶುಚಿಯ ವಿಷಯಕ್ಕೆ ಬಂದರೆ ಮಾತ್ರ ತಲೆ ಕೆಟ್ಟವನು ಎಂದೇ ಹೇಳಬೇಕು. ಯಾರ ಮನೆಗಾದರೂ ಹೋದರೆ ಕುರ್ಚಿಯನ್ನು ಅಂಗೈಯಿಂದ ಒಮ್ಮೆ ಸವರಿ, ಬಂದ ಧೂಳನ್ನು ಮನೆಯವರಿಗೆ ಕಾಣುವ ಹಾಗೆ ನೋಡಿ, ಆಮೇಲೆ ಕೂರುತ್ತಿದ್ದ. ಇಂಥವನನ್ನು ಎರಡನೇ ಸಲ ಯಾರು ಕರೆಯುತ್ತಾರೆ? ಮನೆಯಲ್ಲಿ ತಟ್ಟೆ ಲೋಟಗಳನ್ನು ಹೆಂಡತಿ ತೊಳೆದಿಟ್ಟ ಮೇಲೆ ಇವನು ಇನ್ನೊಮ್ಮೆ ತೊಳೆಯುತ್ತಿದ್ದ. "ನನ್ನನ್ನೂ ಒಂದ್ಸಲ ಬಾಯ್ಲರ್‌ಗೆ ಹಾಕಿ ತೆಗೆದುಬಿಡಿ, ನಿಮ್ಮ ಮನಸ್ಸಿಗೆ ಸಮಾಧಾನ ಆಗ್ಲಿ" ಎಂದು ಅವಳು ಗದರುವುದು, ಇವನು ಕೇಳಿಸದವನಂತೆ ಇಸ್ತ್ರಿ ಪೆಟ್ಟಿಗೆಯ ಹಬೆ ಬಿಡುವುದು, ದಿನನಿತ್ಯದ ಮಾತಾಗಿತ್ತು.

ಲಾಂಡ್ರಿಯ ಮುಂದಿನ ಕೋಣೆಯಲ್ಲಿ ಕೌಂಟರು, ಗಂಟುಗಳನ್ನಿಡುವ ಕಪಾಟು, ಇಸ್ತ್ರಿ ಮೇಜು. ಹಿಂದೆ ಬಾಯ್ಲರು, ಎರಡು ಸಿಮೆಂಟಿನ ತೊಟ್ಟಿ, ಹೊರಗಿನ ಗೋಡೆಗೆ ಅಂಟಿಕೊಂಡ ಮೆಟ್ಟಿಲು. ಹದಿನೇಳು ಮೆಟ್ಟಿಲು ಹತ್ತಿದರೆ ಅಕ್ಕನ ಎರಡು ಕೋಣೆ. ಅಕ್ಕ ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ತಾಯಿ ಬೇಗ ತೀರಿಕೊಂಡಿದ್ದರಿಂದ ಅವನ ಮೂಗು ಒರೆಸಿದವಳೂ, ಮಗ್ಗಿ ಬಾಯಿಪಾಠ ಮಾಡಿಸಿದವಳೂ, ಮೊದಲ ಇಸ್ತ್ರಿ ಪೆಟ್ಟಿಗೆ ಕೊಡಿಸಿ "ಇನ್ನು ನಿನ್ನ ದಾರಿ ನೀನು ನೋಡ್ಕೋ" ಎಂದವಳೂ ಅವಳೇ. ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿ ದುಡಿದು ನಿವೃತ್ತಳಾಗಿದ್ದಳು.

ಆ ಪ್ರಯೋಗಾಲಯದವರು ಬೇಡವೆಂದು ಹೊರಗಿಟ್ಟಿದ್ದ ಮೂರಡಿ ಉದ್ದದ ಗಾಜಿನ ತೊಟ್ಟಿಯೊಂದನ್ನು ಅಕ್ಕ ಇಪ್ಪತ್ತೆರಡು ವರ್ಷಗಳ ಹಿಂದೆ ಮನೆಗೆ ತಂದಿದ್ದಳು. ತಳದಲ್ಲಿ ಮೂರು ಬೆರಳು ದಪ್ಪಕ್ಕೆ ಸಣ್ಣ ಜಲ್ಲಿ. ಮನೆ ಕಟ್ಟುವ ಕಡೆಯಿಂದ ತಂದು ಜರಡಿ ಹಿಡಿದ, ಹೆಸರುಕಾಳಿನಷ್ಟು ದಪ್ಪದ ಬರೀ ಕಲ್ಲು. ಮಣ್ಣಿಲ್ಲ, ಗೊಬ್ಬರವಿಲ್ಲ. ಅದರಲ್ಲಿ ಹನ್ನೆರಡು ಗಪ್ಪಿ ಮೀನು, ಮತ್ತೆ ಒಂದೇ ಜಾತಿಯ ಗಿಡ. ಬೆರಳುದ್ದದ ಎಲೆ, ಮೇಲೆ ಹಸಿರು, ಕೆಳಗೆ ಕಂದು. ಸಾಕುವ ಮೀನು ಮಾರುವ ಅಂಗಡಿಯವರು ಅದನ್ನು ಕ್ರಿಪ್ಟ್ ಎನ್ನುತ್ತಾರೆ. ಅಕ್ಕ ಅದನ್ನು ಸೋಮಾರಿ ಎನ್ನುತ್ತಿದ್ದಳು, ಒಂದು ಎಲೆ ಬಿಡಲು ತಿಂಗಳು ತೆಗೆದುಕೊಳ್ಳುತ್ತಿತ್ತಲ್ಲ, ಅದಕ್ಕೆ. ಆ ಸೋಮಾರಿಯೇ ಒಂದರಿಂದ ಎರಡಾಗಿ, ಎರಡರಿಂದ ಹತ್ತಾಗಿ, ಇಪ್ಪತ್ತೆರಡು ವರ್ಷದಲ್ಲಿ ತೊಟ್ಟಿಯ ತಳವನ್ನೆಲ್ಲ ಮುಚ್ಚಿತ್ತು.

ಅಂಥ ಅಕ್ಕ ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಶಸ್ತ್ರಚಿಕಿತ್ಸೆಯಾಯಿತು. ಮೂರೂವರೆ ತಿಂಗಳು ಮಗಳ ಮನೆಯಲ್ಲಿದ್ದು ಸುಧಾರಿಸಿಕೊಳ್ಳಬೇಕು ಎಂದು ತೀರ್ಮಾನವಾಯಿತು. ಹೊರಡುವ ದಿನ ಆಸ್ಪತ್ರೆಯ ಮಂಚದಲ್ಲಿ ಕುಳಿತು ತಮ್ಮನನ್ನು ಹತ್ತಿರ ಕರೆದಳು.

"ಬೆಳಿಗ್ಗೆ ಲೈಟ್ ಹಾಕು, ಸಂಜೆ ಆರಿಸು. ಮೀನಿಗೆ ಒಂದು ಚಿಟಿಕೆ ಆಹಾರ. ನೀರು ಕಮ್ಮಿ ಆದ್ರೆ, ಹಿಂದಿನ ದಿನ ಹಿಡಿದಿಟ್ಟ ನೀರು ಒಂದು ಚೊಂಬು. ಅಷ್ಟೇ. ಬೇರೆ ಏನೂ ಮಾಡ್ಬೇಡ. ಏನೂ ಮಾಡ್ದೆ ಇರೋದು ನಿನ್ ಕೈಲಿ ಆಗುತ್ತಾ?"

"ಆಗ್ದೆ ಏನಕ್ಕ. ಅದೇನು ದೊಡ್ಡ ಕೆಲ್ಸ?"

ಅಕ್ಕ ಸ್ವಲ್ಪ ಹೊತ್ತು ಅವನ ಮುಖ ನೋಡಿ, ಕೋಣೆಯ ಬೀಗದ ಕೈ ಕೊಟ್ಟಳು. ಗರಿಗರಿಯಣ್ಣ ಅದನ್ನು ಎರಡೂ ಕೈ ಚಾಚಿ ತೆಗೆದುಕೊಂಡ. ಅದಕ್ಕೆ ಕಾರಣವಿದೆ. ಹನ್ನೊಂದು ವರ್ಷಗಳಿಂದ ಅಕ್ಕ ತನ್ನ ಕೋಣೆಯ ಒಂದು ಕಡ್ಡಿಯನ್ನೂ ಅವನ ಕೈಗೆ ಕೊಟ್ಟಿರಲಿಲ್ಲ.

ಭಾವ ತೀರಿಕೊಂಡ ವರ್ಷ ನಡೆದದ್ದು ಅದು. ಅಕ್ಕ ಮಗಳ ಮನೆಗೆಂದು ನಾಲ್ಕು ದಿನ ಹೋಗಿದ್ದಳು. ತಂಗಿ ತಮ್ಮಂದಿರು ಎಂದು ಬೇರೆ ಯಾರೂ ಇಲ್ಲದ ಮನೆ. ಅಕ್ಕನಿಗೆ ಏನಾದರೂ ಮಾಡಬೇಕು ಎಂದು ಇವನ ಜೀವ ಒದ್ದಾಡುತ್ತಿತ್ತು. ಮೇಲೆ ಹೋದ. ಬಾಗಿಲ ಹಿಂದಿನ ಮೊಳೆಯಲ್ಲಿ ಭಾವನ ಅಂಗಿಯೊಂದು ನೇತಾಡುತ್ತಿತ್ತು. ಕಾಲರು ಕಪ್ಪಾಗಿತ್ತು, ಕಂಕುಳು ಹಳದಿಯಾಗಿತ್ತು. ತೊಳೆದ, ನೀಲಿ ಹಾಕಿದ, ಗಂಜಿ ಹಾಕಿ ಇಸ್ತ್ರಿ ಮಾಡಿ, ಅದೇ ಮೊಳೆಗೆ ತೂಗುಹಾಕಿದ. ಅಕ್ಕ ಬಂದವಳು ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಖಕ್ಕೆ ಒತ್ತಿಕೊಂಡಳು. ಅದರಲ್ಲಿ ಗಂಜಿಯ ವಾಸನೆ ಬಿಟ್ಟು ಬೇರೇನೂ ಉಳಿದಿರಲಿಲ್ಲ. ಅವಳು ಬೈಯಲಿಲ್ಲ, ಅಳಲಿಲ್ಲ. ಏಳು ತಿಂಗಳು ಅವನೊಡನೆ ಮಾತಾಡಲಿಲ್ಲ, ಅಷ್ಟೇ. ಆಮೇಲೊಂದು ದಿನ ಮೆಟ್ಟಿಲ ಮೇಲಿಂದ "ಲೋ, ನಲ್ಲಿ ನಿಲ್ಸು, ನೀರು ತುಂಬಿ ಹರೀತಿದೆ" ಎಂದಳು. ಮಾತು ಮತ್ತೆ ಶುರುವಾಯಿತು. ಅಂಗಿಯ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ.

ಇಷ್ಟೆಲ್ಲ ಅನುಭವಿಸಿದವನು ಈ ಸಲ ಎಷ್ಟು ಎಚ್ಚರವಾಗಿರಬೇಕಿತ್ತು! ಎಂಟು ದಿನ ಇದ್ದ ಕೂಡ. ಒಂಬತ್ತನೆಯ ದಿನ ಭಾನುವಾರ, ಲಾಂಡ್ರಿಗೆ ರಜೆ. ಬಿಡುವಾದ ಗರಿಗರಿಯಣ್ಣನಷ್ಟು ಅಪಾಯದ ವಸ್ತು ಇನ್ನೊಂದಿಲ್ಲ. ಮೇಲೆ ಹೋಗಿ ಮೊಣಕಾಲೂರಿ ತೊಟ್ಟಿಯೊಳಗೆ ಇಣುಕಿದ. ಜಲ್ಲಿಯ ಸಂದು ಸಂದಿನಲ್ಲಿ ಕಂದು ಗಸಿ. ಬೆರಳಿಟ್ಟು ಕೆದಕಿದರೆ ಹೊಗೆಯ ಹಾಗೆ ಎದ್ದಿತು. ಇಪ್ಪತ್ತೆರಡು ವರ್ಷದ ಮೀನಿನ ಹಿಕ್ಕೆ, ಕೊಳೆತ ಎಲೆ, ತಿನ್ನದೆ ಬಿಟ್ಟ ಆಹಾರ. ಅವನ ಮೈಯೆಲ್ಲ ಮುಳ್ಳಾಯಿತು. ಅಕ್ಕ ಪಾಪ, ವಯಸ್ಸಾಯಿತು, ಕೈಲಾಗಿಲ್ಲ ಎಂದುಕೊಂಡ. ಅಂಗಿಯ ನೆನಪು ಬರದೆ ಇರಲಿಲ್ಲ. ಅದಕ್ಕೂ ಸಮಾಧಾನ ಹುಡುಕಿಕೊಂಡ. ಅಂಗಿಯ ಮಾತು ಬೇರೆ, ಕಲ್ಲಿನ ಮಾತು ಬೇರೆ. ಕಲ್ಲು ತೊಳೆದರೆ ಯಾರದ್ದೇನು ಹೋಗುತ್ತದೆ?

ಮೀನು ಬಕೆಟ್ಟಿಗೆ ಹೋದವು. ಗಿಡಗಳನ್ನು ಬೇರುಸಹಿತ ಕಿತ್ತ. ಜಲ್ಲಿಯನ್ನು ಕೆಳಗಿನ ಸಿಮೆಂಟ್ ತೊಟ್ಟಿಗೆ ಸುರಿದು, ಕುದಿನೀರು ಬಿಟ್ಟು, ಎರಡು ಹಿಡಿ ವಾಷಿಂಗ್ ಸೋಡಾ ಹಾಕಿ ತುಳಿದ. ಏಳು ನೀರಿನಲ್ಲಿ ಜಾಲಿಸಿದ. ಬಿಳಿ ಬೆಡ್‌ಶೀಟಿನ ಮೇಲೆ ಹರಡಿ ಬಿಸಿಲಿಗೆ ಒಣಗಿಸಿದ. ಒಂದೊಂದು ಎಲೆಯನ್ನೂ ಮೆತ್ತನೆ ಬಟ್ಟೆಯಿಂದ ಒರೆಸಿದ. ಸಂಜೆಯ ಹೊತ್ತಿಗೆ ಎಲ್ಲವನ್ನೂ ಮೊದಲಿನಂತೆ ನೆಟ್ಟು, ನಲ್ಲಿಗೆ ಪೈಪು ಹಾಕಿ ನೀರು ತುಂಬಿಸಿ, ಹೆಂಡತಿಯನ್ನು ಕರೆದು ತೋರಿಸಿದ. ತೊಟ್ಟಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಅಕ್ಕ ಏನೂ ಮಾಡ್ಬೇಡ ಅಂದಿದ್ರಲ್ರೀ?" ಎಂದಳು ಹೆಂಡತಿ.

"ಏನ್ ಮಾಡ್ದೆ? ತೊಳೆದೆ ಅಷ್ಟೇ."

ಎರಡನೆಯ ದಿನ ಎರಡು ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು, ನಾಲ್ಕನೆಯ ದಿನ ಇನ್ನೂ ಮೂರು. ಎಲೆಗಳಲ್ಲಿ ಮೊದಲು ಸೂಜಿಮೊನೆಯಷ್ಟು ತೂತು ಬಿದ್ದವು. ತೂತು ದೊಡ್ಡದಾಗಿ, ಎಲೆ ಗಾಜಿನಂತಾಗಿ, ಮುಟ್ಟಿದರೆ ಬೆರಳಿಗೆ ಲೋಳೆಯಾಗಿ ಅಂಟಿತು. ವಾರ ತುಂಬುವುದರೊಳಗೆ ತೊಟ್ಟಿಯಲ್ಲಿ ಒಂದೇ ಒಂದು ಎಲೆ ಇರಲಿಲ್ಲ. ಹೆಂಡತಿ ಸೊಂಟಕ್ಕೆ ಕೈಯಿಟ್ಟು ನೋಡಿ, "ಸೋಪಿನ ಚೂರು ಕರಗಿದ ಹಾಗೆ ಕರಗೋಯ್ತಲ್ರೀ" ಎಂದಳು.

ಗರಿಗರಿಯಣ್ಣ ಕರಗಿದ ಒಂದು ಗಿಡವನ್ನು ಊಟದ ಡಬ್ಬಿಯಲ್ಲಿ ಹಾಕಿಕೊಂಡು ಮೀನಂಗಡಿಗೆ ಓಡಿದ. ಅಂಗಡಿಯವನು ಮುಚ್ಚಳ ತೆಗೆದು ನೋಡಿ, ನಡೆದದ್ದನ್ನೆಲ್ಲ ಕೇಳಿಕೊಂಡ. ಸೋಡಾ ಎನ್ನುವ ಮಾತು ಬಂದಾಗ ಕಣ್ಣು ಮುಚ್ಚಿಕೊಂಡ.

"ಅಣ್ಣಾ, ಜಲ್ಲಿ ಅಂದ್ರೆ ಕಲ್ಲು. ಕಲ್ಲಲ್ಲಿ ಗಿಡಕ್ಕೆ ಏನಿರುತ್ತೆ ತಿನ್ನೋಕೆ? ಆ ಸಂದೀಲಿ ಕೂತಿತ್ತಲ್ಲ ಕೊಳೆ, ಅದೇ ಅದರ ಮಣ್ಣು, ಅದೇ ಅದರ ಗೊಬ್ಬರ. ನಿಮ್ಮಕ್ಕ ಇಪ್ಪತ್ತೆರಡು ವರ್ಷ ಕೂಡಿಟ್ಟಿದ್ದನ್ನ ನೀವು ಒಂದೇ ಭಾನುವಾರ ಚರಂಡಿಗೆ ಬಿಟ್ಟಿದ್ದೀರಿ."

ಗರಿಗರಿಯಣ್ಣ ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟ. ಕೂರುವ ಮೊದಲು ಸ್ಟೂಲನ್ನು ಸವರಿ ನೋಡಲಿಲ್ಲ.

"ಇದೇ ಜಾತಿ ಗಿಡ ನನ್ ಹತ್ರ ಬೇಕಾದಷ್ಟಿದೆ" ಎಂದ ಅಂಗಡಿಯವನು, ಕನಿಕರದಿಂದ. "ತಗೊಂಡೋಗಿ ನೆಟ್ಟುಬಿಡಿ. ನಿಮ್ಮಕ್ಕಂಗೆ ಗೊತ್ತೂ ಆಗಲ್ಲ."

"ಅವಳಿಗೆ ಗೊತ್ತಾಗಲ್ಲ, ಸರಿ. ನಂಗೆ ಗೊತ್ತಿರುತ್ತಲ್ಲಪ್ಪ" ಎಂದ ಗರಿಗರಿಯಣ್ಣ. "ಅವಳ ಗಿಡಾನೇ ಬರಬೇಕು. ಬರೋ ದಾರಿ ಇದ್ರೆ ಹೇಳು."

ಅಂಗಡಿಯವನು ಡಬ್ಬಿಯಲ್ಲಿದ್ದ ಗಿಡದ ಬುಡವನ್ನು ಚಿವುಟಿ ನೋಡಿದ. ಇದು ಸತ್ತಿದೆ ಎಂದ. ಆದರೆ ಈ ಜಾತಿ ಜಾಗ ಕದಲಿದರೆ ಸಾಕು, ಎಲೆಯನ್ನೆಲ್ಲ ಕಳಚಿಕೊಂಡು ಸತ್ತ ಹಾಗೆ ನಟಿಸುತ್ತದೆ. ಬುಡ ಗಟ್ಟಿ ಇದ್ದರೆ ಜೀವ ಇದೆ ಅಂತ ಅರ್ಥ. ಗಟ್ಟಿ ಇದ್ದವನ್ನು ನೆಟ್ಟು, ಆಮೇಲೆ ಅಲುಗಾಡಿಸದೆ ಬಿಡಬೇಕು, ಒಂದು ತಿಂಗಳೋ ಎರಡೋ. ಬೇರಿಗೆ ಹಾಕುವ ಗುಳಿಗೆಗಳೂ ಅಂಗಡಿಯಲ್ಲಿವೆ.

"ಅಕ್ಕ ಗುಳಿಗೆ ಹಾಕಿರಲಿಲ್ಲ. ಕೊಳೆ ಎಲ್ಲಿ ಸಿಗುತ್ತೆ?" ಎಂದು ಕೇಳಿದ ಲಾಂಡ್ರಿಯವನು. ಅಂಗಡಿಯವನು ಬಿದ್ದು ಬಿದ್ದು ನಕ್ಕ.

ಕೊಳೆ ಸಿಕ್ಕಿದ್ದು ಕ್ಷೌರದಂಗಡಿಯಲ್ಲಿ. ಕ್ಷೌರಿಕನ ಕನ್ನಡಿಯ ಪಕ್ಕದಲ್ಲಿ ಎರಡು ದಪ್ಪ ಗೋಲ್ಡ್‌ಫಿಶ್ ಇದ್ದ ತೊಟ್ಟಿಯಿತ್ತು. ಅದನ್ನು ಅವನು ಕೊನೆಯ ಸಲ ಯಾವಾಗ ತೊಳೆದಿದ್ದ ಎನ್ನುವುದು ಅವನಿಗೂ ಮರೆತುಹೋಗಿತ್ತು. ಈ ತೊಟ್ಟಿಯನ್ನು ನೋಡುತ್ತ ಕೂರಬೇಕಲ್ಲ ಎಂದೇ ಗರಿಗರಿಯಣ್ಣ ಆರು ವರ್ಷದಿಂದ ಎರಡು ಬೀದಿ ಆಚೆ ಹೋಗಿ ಕ್ಷೌರ ಮಾಡಿಸಿಕೊಳ್ಳುತ್ತಿದ್ದ. ಈಗ ಖಾಲಿ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತ.

"ತೊಟ್ಟಿ ತಳದ ಗಲೀಜು ಬೇಕಿತ್ತು."

ಕ್ಷೌರಿಕನ ಕೈಯ ಕತ್ತರಿ ಗಾಳಿಯಲ್ಲೇ ನಿಂತಿತು. ವಿಷಯ ತಿಳಿದ ಮೇಲೆ ಅವನ ಎದೆ ಎರಡು ಇಂಚು ಉಬ್ಬಿತು. "ನೋಡಿದ್ರಾ?" ಎಂದ, ಕುರ್ಚಿಯಲ್ಲಿ ಅರ್ಧ ಗಡ್ಡ ಉಳಿದಿದ್ದ ಗಿರಾಕಿಗೆ. "ಸೋಮಾರಿ ಸೋಮಾರಿ ಅಂತ ನನ್ನಾಕೆ ಬೈತಾಳೆ. ಇವತ್ತು ಲಾಂಡ್ರಿಯವರೇ ಬಂದು ಕೊಳೆ ಕೇಳ್ತಿದ್ದಾರೆ!" ಪೈಪು ಹಾಕಿ ಎಳೆದು, ಕಪ್ಪು ರಾಡಿಯನ್ನು ಬಕೆಟ್ ತುಂಬ ಕೊಟ್ಟ. ಗರಿಗರಿಯಣ್ಣ ಬಿಳಿ ಅಂಗಿಯಲ್ಲಿ, ನಾರುವ ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ನಡುಬೀದಿಯಲ್ಲಿ ನಡೆದ. "ಏನಣ್ಣಾ, ಇದನ್ನೂ ಗರಿಗರಿ ಮಾಡ್ತೀಯಾ?" ಎಂದು ಟೈಲರ್ ಕೂಗಿದ. ಒಂದು ಹನಿ ಚೆಲ್ಲದಂತೆ ನೋಡಿಕೊಳ್ಳುವುದರಲ್ಲೇ ಅವನ ಗಮನವಿತ್ತು.

ಜಲ್ಲಿಯಿಂದ ಒಟ್ಟು ಹತ್ತೊಂಬತ್ತು ಬುಡ ಸಿಕ್ಕಿದವು. ಹದಿನಾರು ಮೆತ್ತಗಾಗಿದ್ದವು. ಮೂರು ಮಾತ್ರ ಉಗುರು ಒತ್ತಿದರೆ ಗಟ್ಟಿ. ರಾಡಿಯನ್ನು ಜಲ್ಲಿಗೆ ಬೆರೆಸಿ, ಆ ಮೂರನ್ನು ನೆಟ್ಟ. ಎರಡು ದಿನ ನೀರು ಕದಡಿ ಮೂರನೆಯ ದಿನ ತಿಳಿಯಾಯಿತು. ಮೂರಡಿ ಉದ್ದದ ಬೋಳು ಜಲ್ಲಿಯಲ್ಲಿ, ಬೆಂಕಿಕಡ್ಡಿಯ ತುಂಡಿನಂಥ ಮೂರು ಮೋಟು.

ಅಕ್ಕ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದಳು. "ಗಿಡ ಹೇಗಿದ್ಯೋ?" ಎಂದರೆ ಇವನು "ಇದೆ ಅಕ್ಕ" ಎನ್ನುತ್ತಿದ್ದ. ಎರಡು ಭಾನುವಾರ ಹೀಗೆ ದಾಟಿತು. ಮೂರನೆಯ ಭಾನುವಾರ ಫೋನಿನ ಪಕ್ಕ ಕುಳಿತಿದ್ದ ಹೆಂಡತಿಯೇ ಹೇಳಿದಳು: "ಅಂಗಿ ವಿಷಯ ನೀವು ಹೇಳಿರ್ಲಿಲ್ಲ, ಅವರೇ ಬಂದು ನೋಡಿದ್ರು. ಈ ಸಲಾನಾದ್ರೂ ಬಾಯ್ಬಿಟ್ಟು ಹೇಳಿ." ಹೇಳಿದ. ಹೇಳುವಾಗ ಕೈಯಲ್ಲಿದ್ದ ಟವೆಲನ್ನು ಹಗ್ಗದಂತೆ ಹೊಸೆದಿದ್ದ.

"ಅಕ್ಕ, ಜಲ್ಲಿ ತೊಳೆದುಬಿಟ್ಟೆ."

"ಏನ್ ಹಾಕಿ?" ಎಂದಳು ಅಕ್ಕ.

"ಸೋಡಾ."

"ಎಷ್ಟು ಉಳೀತು?"

"ಮೂರು ಬುಡ. ಎಲೆ ಒಂದೂ ಇಲ್ಲ."

ಫೋನ್ ಕಟ್ಟಾಯಿತು. ಮುಂದಿನ ಭಾನುವಾರ ಅದು ರಿಂಗಾಗಲಿಲ್ಲ. ಅದರ ಮುಂದಿನದೂ ಇಲ್ಲ. ಅಕ್ಕನ ಮಗಳು ಆಗಾಗ ಗರಿಗರಿಯಣ್ಣನ ಹೆಂಡತಿಗೆ ಫೋನ್ ಮಾಡಿ, ಅಮ್ಮ ನಡೆಯುತ್ತಿದ್ದಾಳೆ, ಊಟ ಮಾಡುತ್ತಿದ್ದಾಳೆ ಎನ್ನುತ್ತಿದ್ದಳು. ತಮ್ಮನ ವಿಷಯ ಕೇಳುತ್ತಾಳಾ ಎಂದರೆ ಮಾತು ಬೇರೆ ಕಡೆಗೆ ತಿರುಗುತ್ತಿತ್ತು. ಗರಿಗರಿಯಣ್ಣನಿಗೆ ಅರ್ಥವಾಯಿತು. ಹಿಂದಿನ ಸಲ ಏಳು ತಿಂಗಳು. ಈಗ ತನಗೆ ಅರವತ್ತೊಂದು, ಅವಳಿಗೆ ಎಪ್ಪತ್ತು. ಇನ್ನೊಂದು ಸಲ ಮಾತು ನಿಂತರೆ ಅದು ಮತ್ತೆ ಶುರುವಾಗಲು ಅಷ್ಟು ಕಾಲ ಇಬ್ಬರ ಹತ್ತಿರವೂ ಇದೆಯೋ ಇಲ್ಲವೋ. ಭಯವಾಯಿತು ಅವನಿಗೆ, ನಿಜವಾದ ಭಯ. ಆ ಭಯವೇ ಹಠವಾಯಿತು. ಈ ಮೂರು ಬುಡ ಚಿಗುರಲೇಬೇಕು, ಅದಕ್ಕೆ ತಾನು ಏನೂ ಮಾಡದೆ ಇರಬೇಕಾದರೆ, ಸರಿ, ಏನೂ ಮಾಡುವುದಿಲ್ಲ. ಹಲ್ಲು ಕಚ್ಚಿಕೊಂಡು ಮಾಡುವುದಿಲ್ಲ.

ಕೇಳುವವರಿಗೆ ಇದು ತಮಾಷೆ. ಅವನಿಗದು ಕಲ್ಲು ಹೊರುವ ಕೆಲಸಕ್ಕಿಂತ ಕಷ್ಟವಾಗಿತ್ತು. ಬೆಳಿಗ್ಗೆ ಬಾಯ್ಲರ್ ಹೊತ್ತಿಸುವ ಮೊದಲು ಮೇಲೆ ಹೋಗಿ ದೀಪ ಹಾಕುವುದು, ಚಿಟಿಕೆ ಆಹಾರ ಉದುರಿಸುವುದು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿ ಹತ್ತು ನಿಮಿಷ ನಿಲ್ಲುವುದು. ಉಳಿದ ಏಳು ಮೀನು ಹಿಕ್ಕೆ ಹಾಕುತ್ತಿದ್ದವು. ಅದು ನಿಧಾನವಾಗಿ ಇಳಿದು ಜಲ್ಲಿಯ ಮೇಲೆ ಕೂರುವುದನ್ನು ಅವನು ಕಣ್ಣಾರೆ ನೋಡಬೇಕಿತ್ತು. ಗಾಜಿಗೆ ತೆಳ್ಳಗೆ ಹಸಿರು ಪಾಚಿ ಹತ್ತಿತು. ಬೆರಳು ಜುಮುಗುಟ್ಟುತ್ತಿದ್ದವು. ಕೆಳಗಿಳಿದು ಬಂದು, ಆಗಲೇ ತೊಳೆದಿದ್ದ ಬೆಡ್‌ಶೀಟುಗಳನ್ನು ಇನ್ನೊಮ್ಮೆ ತೊಳೆಯುತ್ತಿದ್ದ. ಆ ತಿಂಗಳು ಬೀದಿಯ ಬಟ್ಟೆಗಳು ಹಿಂದೆಂದೂ ಕಾಣದಷ್ಟು ಬೆಳ್ಳಗಿದ್ದವು.

ಇಪ್ಪತ್ತನೆಯ ದಿನ ಏನೂ ಇಲ್ಲ. ಮೂವತ್ತನೆಯ ದಿನವೂ ಏನೂ ಇಲ್ಲ. "ಸತ್ತೋಗಿದ್ರೆ?" ಎಂದು ಹೆಂಡತಿ ಮೆಲ್ಲಗೆ ಕೇಳಿದಳು. "ಒಂದನ್ನ ಕಿತ್ತು ಬೇರು ನೋಡ್ಬಹುದಲ್ವಾ?"

ಅವನ ಕೈ ಬೆನ್ನ ಹಿಂದಿನಿಂದ ಬಿಚ್ಚಿಕೊಂಡು, ತೋಳು ಮಡಿಸಿ, ನೀರಿನ ಅಂಚಿನವರೆಗೂ ಹೋಯಿತು. ಅಲ್ಲಿ ನಿಂತಿತು. "ನೋಡಿದ್ರೆ ಸತ್ತೇ ಹೋಗುತ್ತೆ ಕಣೇ" ಎಂದು ತೋಳನ್ನು ಮತ್ತೆ ಇಳಿಸಿಕೊಂಡ.

ನಲವತ್ತೊಂದನೆಯ ದಿನ ನಡುವಿನ ಬುಡದಿಂದ ಅಕ್ಕಿಕಾಳಿನಷ್ಟು ಉದ್ದದ, ಸುರುಳಿ ಸುತ್ತಿದ ಕಂದು ಮೊನೆಯೊಂದು ಹೊರಬಂದಿತ್ತು. ಗರಿಗರಿಯಣ್ಣ ಕನ್ನಡಕ ಹಾಕಿ ನೋಡಿದ, ತೆಗೆದು ನೋಡಿದ, ಹೆಂಡತಿಯನ್ನು ಕೂಗಿ ಅವಳ ಕಣ್ಣಿನಿಂದಲೂ ನೋಡಿಸಿದ. ಫೋನ್ ಮಾಡಿದರೆ ಅಕ್ಕನ ಮಗಳು ಎತ್ತಿದಳು. ಅಮ್ಮ ಮಲಗಿದ್ದಾಳೆ, ಹೇಳ್ತೀನಿ ಮಾವ ಎಂದಳು. ಅಕ್ಕ ತಿರುಗಿ ಫೋನ್ ಮಾಡಲಿಲ್ಲ.

ಅವನು ಮುಂದುವರಿಸಿದ. ಐವತ್ತು, ಅರವತ್ತು, ಎಂಬತ್ತು ದಿನ.

ಅಕ್ಕ ಬರುವ ದಿನ ಬಂತು. ದಿನಾ ಮೆಟ್ಟಿಲು ಹತ್ತಬಾರದೆಂದು ವೈದ್ಯರು ಹೇಳಿದ್ದರಿಂದ ಲಾಂಡ್ರಿಯ ಮುಂದಿನ ಕೋಣೆಯ ಪಕ್ಕದಲ್ಲಿ ಹೆಚ್ಚಿನ ಬಟ್ಟೆಗಂಟು ತುಂಬಿಡುತ್ತಿದ್ದ ಸಣ್ಣ ಕೋಣೆಯನ್ನು ಖಾಲಿ ಮಾಡಿ ಅವಳಿಗೆ ಮಂಚ ಹಾಕಿದ್ದರು. ಕಾರಿನಿಂದ ಇಳಿದವಳು ಕೋಲೂರಿ ನಿಂತು, ಆ ಕೋಣೆಯನ್ನು ಬಾಗಿಲಿನಿಂದಲೇ ನೋಡಿ, "ಮೊದ್ಲು ಮೇಲೆ" ಎಂದಳು. ತಮ್ಮನ ಮುಖ ನೋಡಲಿಲ್ಲ. ಮಗಳು ಒಂದು ತೋಳು ಹಿಡಿದಳು. ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಂಡು ಹದಿನೇಳನ್ನೂ ಹತ್ತಿದಳು. ಗರಿಗರಿಯಣ್ಣ ಎರಡು ಮೆಟ್ಟಿಲು ಕೆಳಗೆ, ಬಿದ್ದರೆ ಹಿಡಿಯಲು ಕೈ ಚಾಚಿಕೊಂಡು, ಮುಟ್ಟಲು ಧೈರ್ಯವಿಲ್ಲದೆ ಹತ್ತಿದ.

ಅಕ್ಕ ತೊಟ್ಟಿಯ ಮುಂದೆ ಕುರ್ಚಿ ಎಳೆಸಿಕೊಂಡು ಕೂತಳು. ಪಾಚಿ ಹತ್ತಿದ ಗಾಜಿಗೆ ಮೂಗು ತಾಗುವಷ್ಟು ಬಾಗಿದಳು. ನಡುವಿನ ಗಿಡಕ್ಕೆ ನಾಲ್ಕು ಎಲೆ, ಎಡಗಡೆಯದಕ್ಕೆ ಮೂರು, ಬಲಗಡೆಯದಕ್ಕೆ ಎರಡು. ಜಲ್ಲಿಯ ಸಂದುಗಳಲ್ಲಿ ಕಂದು ಗಸಿ ಮೆತ್ತಗೆ ಕೂತಿತ್ತು. ಅದನ್ನು ತುಂಬ ಹೊತ್ತು ನೋಡಿದಳು.

"ಗಾಜು ಯಾಕೋ ಒರೆಸಿಲ್ಲ?"

"ಒರೆಸೋಕ್ ಹೋದ್ರೆ ಕೈ ಅಷ್ಟಕ್ಕೇ ನಿಲ್ಲಲ್ಲ ಅಕ್ಕ. ಎಂಬತ್ತೆಂಟು ದಿನ ಆಯ್ತು, ಮುಟ್ಟಿಲ್ಲ."

ಅಕ್ಕ ಆಗ ತಿರುಗಿ ಅವನನ್ನು ನೋಡಿದಳು. ಅವನಿಗೆ ತಡೆಯಲಾಗಲಿಲ್ಲ.

"ಫೋನ್ ಯಾಕ್ ಮಾಡ್ಲಿಲ್ಲ ಅಕ್ಕ? ಬಾಯಿಗ್ ಬಂದ ಹಾಗೆ ಬೈದಿದ್ರೂ ಆಗ್ತಿತ್ತು."

"ಮೊದಲನೇ ವಾರ ಕೋಪ ಬಂದಿತ್ತು, ಸುಳ್ಳು ಯಾಕ್ ಹೇಳ್ಲಿ. ಎರಡನೇ ವಾರಾನೂ ಇತ್ತು. ಆಮೇಲೆ ಹೋಯ್ತು." ಅಕ್ಕ ಕೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡಳು. "ನಾನು ಪ್ರತಿ ಭಾನುವಾರ ಚಿಗುರು ಬಂತಾ ಬಂತಾ ಅಂತ ಕೇಳಿದ್ರೆ, ಸೋಮವಾರ ಬೆಳಿಗ್ಗೆ ನೀನು ಬೇರು ಕಿತ್ತು ನೋಡ್ತಿದ್ದೆ. ನಿನ್ನ ಸಾಕಿದೋಳು ನಾನು ಕಣೋ. ಅದಕ್ಕೇ ಸುಮ್ನಿದ್ದೆ. ನಂಗೇನು ಸುಲಭ ಇತ್ತಾ? ಫೋನ್ ಪಕ್ಕದಲ್ಲೇ ಕೂತಿರ್ತಿದ್ದೆ, ಕೇಳು ಇವಳನ್ನ."

ಮಗಳು ತಲೆಯಾಡಿಸಿದಳು. ಹನ್ನೊಂದು ವಾರ ಅಕ್ಕನ ಮೌನವನ್ನು ಶಿಕ್ಷೆಯೆಂದು ಹೊತ್ತು ತಿರುಗಿದ್ದ ಗರಿಗರಿಯಣ್ಣ, ಬಾಗಿಲ ಚೌಕಟ್ಟು ಹಿಡಿದುಕೊಂಡು, ದೊಡ್ಡ ಗಂಡಸು, ಬಿಕ್ಕಿ ಬಿಕ್ಕಿ ಅತ್ತ. ಅಕ್ಕ ಅವನನ್ನು ಅಳಲು ಬಿಟ್ಟಳು.

ಸ್ವಲ್ಪ ಹೊತ್ತಾದ ಮೇಲೆ ಮಗಳು, "ಅಮ್ಮಾ, ತೊಟ್ಟೀನ ಕೆಳಗೆ ನಿನ್ ಕೋಣೆಗೇ ತರಿಸೋಣ. ನೀನು ಹೇಗೂ ಹತ್ತೋ ಹಾಗಿಲ್ಲ" ಎಂದಳು.

"ಬೇಡ. ಕದಲಿಸಿದ್ರೆ ಮತ್ತೆ ಕರಗುತ್ತೆ. ಇಲ್ಲೇ ಇರ್ಲಿ, ಇವನು ನೋಡ್ಕೋತಾನೆ."

ಗರಿಗರಿಯಣ್ಣ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದವನು ಹಾಗೇ ನಿಂತ. "ನಾನಾ?"

"ನೀನಲ್ದೆ ಇನ್ಯಾರೋ?" ಎಂದು ಅಕ್ಕ, ಎಬ್ಬಿಸು ಎನ್ನುವಂತೆ, ಅವನ ಕಡೆಗೆ ಕೈ ಚಾಚಿದಳು.